ಸಿಎಫ್‌ಐ ಆಗುವವರಿಗೆ ಕಲಿಸಬೇಕೆ? ಮೊದಲು ಲಾಗ್‌ಬುಕ್ ತೆಗೀರಿ

ಕಳೆದ ದೀಪಾವಳಿಗೆ ಬೆಳಗಾವಿಗೆ ಹೋಗಿದ್ದೆ. ಟಿಳಕವಾಡಿಯ ಮನೆಯಲ್ಲಿ ಅಣ್ಣನ ಮಗನೂ ಬಂದಿದ್ದ. ಅವನು ಫ್ಲಾರಿಡಾದಲ್ಲಿ ವಿಮಾನ ಹಾರಿಸುವುದನ್ನು ಕಲಿಸುತ್ತಾನೆ, ಸಿಎಫ್‌ಐ (ಸರ್ಟಿಫೈಡ್ ಫ್ಲೈಟ್ ಇನ್‌ಸ್ಟ್ರಕ್ಟರ್) ಆಗಿ ಆಗ 11 ತಿಂಗಳು. ಜೊತೆಗೆ ಅವನ ಗೋಕಾಕದ ಗೆಳೆಯ, ಅಲ್ಲಿಯೇ ಕಮರ್ಷಿಯಲ್ ಲೈಸೆನ್ಸ್ ಮುಗಿಸಿ ರಜೆಗೆ ಬಂದವನು. ಕುಂದಾ ತಿನ್ನುತ್ತಾ ಮಾತು ನಡೆದಿತ್ತು. ಗೆಳೆಯ ಅಂದ: "ನನ್ನ ಸಿಎಫ್‌ಐ ಟ್ರೇನಿಂಗ್ ನೀನ ಕೊಟ್ಟಬಿಡಪಾ, ಹೊರಗಿನವರಿಗೆ ಯಾಕ ರೊಕ್ಕ ಕೊಡೂದು?" ಇವನು ತಕ್ಷಣ ಹೂಂ ಅಂದ. ನಾನು ಬಾಯಿ ಹಾಕಬೇಕಾಯಿತು. "ಹಂಗ ಬರೂದಿಲ್ಲೋ ತಮ್ಮಾ. ಲಾಗ್‌ಬುಕ್ ತಗೊಂಡ ಬಾ." ಹಾರಿದ, ಕಲಿಸಿದ ಗಂಟೆಗಳನ್ನೆಲ್ಲ ಬರೆದಿಡುವ ಪುಸ್ತಕ ಅದು.

ನಾನು ಆರಿಝೋನಾದಲ್ಲಿ ಹೊಸ ಇನ್‌ಸ್ಟ್ರಕ್ಟರುಗಳನ್ನು ತಯಾರು ಮಾಡುವವನು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಬೇಲಿಗೆ ಮೂತಿ ಒತ್ತಿ ವಿಮಾನ ನೋಡಿ, ಆಮೇಲೆ ಅಮೆರಿಕಕ್ಕೆ ಬಂದು ಕಲಿತ ನಮ್ಮ ಕಡೆಯ ಹುಡುಗರು ಎಡವುವುದು ಇದೇ ಜಾಗದಲ್ಲಿ. ಭಾರತದಲ್ಲಿ ಎಎಫ್‌ಐ (ಸಹಾಯಕ ಇನ್‌ಸ್ಟ್ರಕ್ಟರ್), ಆಮೇಲೆ ಎಫ್‌ಐ (ಪೂರ್ಣ ಇನ್‌ಸ್ಟ್ರಕ್ಟರ್) ಎಂದು ಕಣ್ಣಿಗೆ ಕಾಣುವ ಎರಡು ಮೆಟ್ಟಿಲು. ಅಮೆರಿಕದಲ್ಲಿ ಸಿಎಫ್‌ಐ ಎಂಬುದು ಒಂದೇ ಸರ್ಟಿಫಿಕೇಟ್. ಹೊಸ ಸಿಎಫ್‌ಐಗಳನ್ನು ತಯಾರು ಮಾಡಲು ಬೇರೆ ಕಾರ್ಡಿಲ್ಲ, ಬೇರೆ ಚೆಕ್‌ರೈಡ್ (ಎಕ್ಸಾಮಿನರ್ ಎದುರಿನ ಪ್ರಾಯೋಗಿಕ ಪರೀಕ್ಷೆ) ಇಲ್ಲ. ಹಾಗಾಗಿ ಎಲ್ಲರೂ ಕಲಿಸಬಹುದು ಅಂದುಕೊಳ್ಳುತ್ತಾರೆ. ಎರಡನೇ ಮೆಟ್ಟಿಲು ಇದೆ, ಆದರೆ ಅದು ಎಫ್‌ಎಎಯ (ಅಮೆರಿಕದ ವಿಮಾನಯಾನ ಇಲಾಖೆ) ನಿಯಮಾವಳಿಯ 61.195ರ (ಎಚ್) ಉಪವಿಧಿಯೊಳಗೆ ಕೂತಿದೆ.

ಹಳೆಯ ದಾರಿ ಹೀಗಿದೆ. ಸಿಎಫ್‌ಐ ಸರ್ಟಿಫಿಕೇಟ್ ಕೈಗೆ ಬಂದು 24 ತಿಂಗಳಾಗಿರಬೇಕು, ವಿಮಾನಕ್ಕಾದರೆ ಕನಿಷ್ಠ 200 ಗಂಟೆ ಹಾರಾಟದ ಪಾಠ ಹೇಳಿರಬೇಕು. ಗ್ಲೈಡರಿಗೆ 80 ಗಂಟೆ. ನೆಲದ ಪಾಠಕ್ಕೆ ಲೆಕ್ಕ ಬೇರೆ: 24 ತಿಂಗಳ ಜೊತೆಗೆ 40 ಗಂಟೆ ಕಲಿಸಿದ್ದರೆ ಸಾಕು. ತಿಂಗಳ ಎಣಿಕೆ ಸರ್ಟಿಫಿಕೇಟಿನ ತಾರೀಕಿನಿಂದ. ಹೀಗಾಗಿ ಚೆಕ್‌ರೈಡ್ ಮುಂದಕ್ಕೆ ತಳ್ಳುತ್ತಾ ಕೂರಬೇಡಿ.

ಮೋಸ ಹೋಗುವುದು ಗಂಟೆಗಳಲ್ಲಿ. ಅಣ್ಣನ ಮಗನ ಲಾಗ್‌ಬುಕ್ಕಿನಲ್ಲಿ ಒಟ್ಟು 900 ಗಂಟೆಯಿತ್ತು. "ಸಾಕಾಗೂದಿಲ್ಲೇನ್ರೀ ಕಾಕಾ?" ಅಂದ. ಒಟ್ಟು ಗಂಟೆ ಇಲ್ಲಿ ಲೆಕ್ಕಕ್ಕೇ ಇಲ್ಲ. ತಾನೊಬ್ಬನೇ ಹಾರಿಸಿದ್ದು, ಗೆಳೆಯನಿಗೆ ಸೇಫ್ಟಿ ಪೈಲಟ್ ಆಗಿ ಕೂತಿದ್ದು, ಯಾವುದೂ ಬರುವುದಿಲ್ಲ. 'ಡ್ಯುಯಲ್ ಗಿವನ್', ಅಂದರೆ ಇನ್ನೊಬ್ಬರಿಗೆ ಕಲಿಸಿದ ಗಂಟೆಗಳ ಕಾಲಮ್ಮು ಮಾತ್ರ. ಅದರಲ್ಲಿ 460 ಇತ್ತು. ಪುಟ ತಿರುವುತ್ತಾ ಹೋದರೆ ಅದರೊಳಗೆ 70 ಗಂಟೆ ಸಿಮ್ಯುಲೇಟರಿನದು! ಎಫ್‌ಎಎ ವ್ಯಾಖ್ಯೆಯಲ್ಲಿ ಹಾರಾಟದ ತರಬೇತಿ ಎಂದರೆ ನಿಜವಾದ ವಿಮಾನದಲ್ಲಿ, ಆಕಾಶದಲ್ಲಿ ಕೊಟ್ಟದ್ದು. ಸಿಮ್ಯುಲೇಟರ್ ಕಳೆದರೆ ಉಳಿದದ್ದು 390. 200 ದಾಟಿದೆ ನಿಜ, ಆದರೆ 24 ತಿಂಗಳಾಗಿಲ್ಲ. ಹಳೆಯ ದಾರಿ ಮುಚ್ಚಿತು.

2024ರ ಡಿಸೆಂಬರ್ 1ರಿಂದ ಇನ್ನೊಂದು ದಾರಿ ತೆರೆದಿದೆ, ಬಹಳ ಜನ ಇನ್ನೂ ಗಮನಿಸಿಲ್ಲ. ಎರಡು ವರ್ಷ ಕಾಯಬೇಕಿಲ್ಲ. ಬದಲಿಗೆ 400 ಗಂಟೆ ಹಾರಾಟದ ಪಾಠ ಹೇಳಿರಬೇಕು. ಜೊತೆಗೆ ಹಿಂದಿನ 24 ತಿಂಗಳೊಳಗೆ ಕನಿಷ್ಠ 5 ಜನರನ್ನು ತರಬೇತಿ ಕೊಟ್ಟು, ಸಹಿ ಹಾಕಿ ಚೆಕ್‌ರೈಡಿಗೆ ಕಳಿಸಿರಬೇಕು, ಕಳಿಸಿದವರಲ್ಲಿ ನೂರಕ್ಕೆ 80 ಜನ ಮೊದಲ ಸಲಕ್ಕೇ ಪಾಸಾಗಿರಬೇಕು. 5 ಜನರಲ್ಲಿ 4 ಪಾಸಾದರೆ ನಡೆಯುತ್ತದೆ. 6 ಜನರಾದರೆ 4 ಸಾಲದು, 5 ಬೇಕು. ನನ್ನ ಕೇಳಿದರೆ ಈ ದಾರಿಯೇ ಹೆಚ್ಚು ನ್ಯಾಯವಾದದ್ದು. ಸರ್ಟಿಫಿಕೇಟ್ ಕಪಾಟಿನಲ್ಲಿಟ್ಟರೂ 24 ತಿಂಗಳು ತಾನಾಗಿಯೇ ಕಳೆಯುತ್ತದೆ, ಹುಡುಗರು ತಾವಾಗಿಯೇ ಪಾಸಾಗುವುದಿಲ್ಲ. ಎಫ್‌ಎಎ ಒಪ್ಪಿದ ವಿಶೇಷ ತರಬೇತಿ ಕೋರ್ಸು ಮುಗಿಸಿ ಅರ್ಹತೆ ಪಡೆಯುವ ಮೂರನೇ ದಾರಿಯೂ ಅದೇ ದಿನ ಬಂತು.

ವೀಸಾದ ಮೇಲಿರುವವರು ಇದನ್ನು ಎರಡು ಸಲ ಓದಿ. ಎಫ್-1 ವಿದ್ಯಾರ್ಥಿ ವೀಸಾದವರಿಗೆ ಓದು ಮುಗಿದ ಮೇಲೆ ಸಾಮಾನ್ಯವಾಗಿ ಸಿಗುವ ಒಪಿಟಿ (ಕಲಿತ ವಿದ್ಯೆಯಲ್ಲಿ ಕೆಲಸ ಮಾಡುವ ಅನುಮತಿ) 12 ತಿಂಗಳು. ವೃತ್ತಿ ತರಬೇತಿಯ ಎಂ-1 ವೀಸಾದವರಿಗೆ ನಾಲ್ಕು ತಿಂಗಳ ಓದಿಗೆ ಒಂದು ತಿಂಗಳ ಕೆಲಸ, ಎಷ್ಟೇ ಓದಿದರೂ 6 ತಿಂಗಳು ಮೀರದು. ಓದು ಮುಗಿಯುವ ಹೊತ್ತಿಗೆ ಸಿಎಫ್‌ಐ ಆದವನಿಗೆ ಒಪಿಟಿ ಮುಗಿಯುವಾಗ 24 ತಿಂಗಳಾಗಿರುವುದೇ ಇಲ್ಲ. ಅಂಥವನಿಗೆ ಉಳಿಯುವುದು 400 ಗಂಟೆಯ ದಾರಿ, ಇಲ್ಲವೇ ವಿಶೇಷ ಕೋರ್ಸಿನದು. ಅಣ್ಣನ ಮಗನಿಗೆ ಗ್ರೀನ್ ಕಾರ್ಡ್ ಇದೆ, ಚಿಂತೆಯಿಲ್ಲ. ಗೋಕಾಕದವನದು ಎಫ್-1. ಅವನು ಮೊದಲ ದಿನದಿಂದಲೇ ಯಾರನ್ನು ಯಾವಾಗ ಚೆಕ್‌ರೈಡಿಗೆ ಕಳಿಸಿದೆ, ಫಲಿತಾಂಶ ಏನಾಯಿತು ಎಂದು ಬರೆದಿಡಬೇಕು. ಸಹಿ ಹಾಕಿದ ದಾಖಲೆ ಮೂರು ವರ್ಷ ಇಟ್ಟುಕೊಳ್ಳುವುದು ಹೇಗೂ ಕಡ್ಡಾಯ.

ಈ ಕಟ್ಟುಪಾಡೆಲ್ಲ ಮೊದಲ ಸಲ ಸಿಎಫ್‌ಐ ಆಗುವವರಿಗೆ ಕಲಿಸಲು. ಈಗಾಗಲೇ ಸಿಎಫ್‌ಐ ಆದವನು ಇನ್‌ಸ್ಟ್ರುಮೆಂಟ್ (ಉಪಕರಣಗಳನ್ನೇ ನೋಡಿ ಹಾರುವುದು) ಕಲಿಸುವ ರೇಟಿಂಗ್ ಸೇರಿಸಿಕೊಳ್ಳುತ್ತೇನೆಂದರೆ ಅವನಿಗೆ ಇಂಥ ಹಿರಿಯನೇ ಬೇಕೆಂದಿಲ್ಲ.

ಯಾಮಾರಿದರೆ ಪೆಟ್ಟು ಬೀಳುವುದು ಕಲಿಯುವವನಿಗೆ. ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ 21 ತಿಂಗಳ ಇನ್‌ಸ್ಟ್ರಕ್ಟರ್ ಹಾಕಿದ ಸಹಿ ಹಿಡಿದು ಒಬ್ಬ ಹುಡುಗ ಪರೀಕ್ಷೆಗೆ ಹೋದ, ಹೊಸ ನಿಯಮ ಬರುವ ಮೊದಲು. ಎಕ್ಸಾಮಿನರ್ ತಾರೀಕು ನೋಡಿ ಪುಸ್ತಕ ಮುಚ್ಚಿದರು. ವಿಮಾನದ ಹತ್ತಿರವೂ ಹೋಗಲಿಲ್ಲ.

ಇನ್ನು ಕೆಲಸ ಎಂಥದ್ದು? ನೀವು ಎಡಗಡೆ ಸೀಟಿನಲ್ಲಿ ಕೂತು ಬೇಕಂತಲೇ ದಡ್ಡರಾಗಬೇಕು. ಬಲಗಡೆ ಕೂತ, ಸಿಎಫ್‌ಐ ಆಗಲಿರುವವನು ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ವಿವರಿಸುತ್ತಿರುತ್ತಾನೆ, ರಡ್ಡರ್ ಒತ್ತು ಅನ್ನುತ್ತಾನೆ. ನಾನು ತಪ್ಪು ಕಾಲು ಒತ್ತುತ್ತೇನೆ, ರೆಕ್ಕೆ ಬಗ್ಗುತ್ತದೆ. ಅವನ ಕೈ ನೋಡುತ್ತೇನೆ. ಬೇಗ ಕಿತ್ತುಕೊಂಡರೆ ಶಿಷ್ಯ ಕಲಿಯುವುದಿಲ್ಲ, ತಡವಾದರೆ ಸ್ಪಿನ್, ಅಂದರೆ ವಿಮಾನ ಸುತ್ತುತ್ತಾ ಕೆಳಗೆ ಬೀಳುವುದು. ಸ್ಪಿನ್ನಿಗೆ ಹೋಗುವುದು, ಹೊರಬರುವುದು ಎರಡನ್ನೂ ಕಲಿಸಿ ಪ್ರತ್ಯೇಕ ಎಂಡೋರ್ಸ್‌ಮೆಂಟ್ (ಕಲಿಸಿದ್ದಕ್ಕೆ ಸಹಿ) ಹಾಕಬೇಕು. ಮೊದಲ ಸುತ್ತಿನಲ್ಲಿ ಎಲ್ಲರೂ ಮಾತು ಮರೆಯುತ್ತಾರೆ. ಸುತ್ತುತ್ತಲೇ ವಿವರಿಸುವವನು ತಯಾರಾದ ಎಂದು ನನ್ನ ಲೆಕ್ಕ.

ಅಣ್ಣನ ಮಗ ಕಳಿಸಿದ್ದು 6 ಜನರನ್ನು, ಒಬ್ಬನೇ ಫೇಲ್. ಆ ಲೆಕ್ಕ ಸರಿಯಿತ್ತು. ಕೊರತೆ 10 ಗಂಟೆಯದು ಮಾತ್ರ. "ಎರಡ ವಾರದ ಮಾತ್ರೀ ಕಾಕಾ" ಅಂದ. ಗೋಕಾಕದವನು ಆಗಲೇ ಫೋನಿನಲ್ಲಿ ಕ್ಯಾಲೆಂಡರ್ ತೆರೆದು ತಾರೀಕು ಹುಡುಕುತ್ತಿದ್ದ.