ಹೆಸರಿಗಿಂತ ಮೊದಲು ಎಣಿಕೆ: ಅಲ್ಟಿಮೇಟ್ ಟೀಮ್ ಕಟ್ಟುವ ನನ್ನ ಕ್ರಮ

ಅಲ್ಟಿಮೇಟ್ ಟೀಮ್ ಎಂದರೆ ಇಎ ಕಂಪನಿಯ ಫುಟ್‌ಬಾಲ್ ವಿಡಿಯೊ ಗೇಮಿನ ಒಂದು ವಿಭಾಗ; ಆಟದೊಳಗಿನ ಹಣವಾದ ಕಾಯಿನ್ ಕೊಟ್ಟು ಆಟಗಾರರ ಕಾರ್ಡು ಕೊಂಡು ತಂಡ ಕಟ್ಟುವುದು ಅಲ್ಲಿನ ಆಟ. ಅದರಲ್ಲಿ ಹೊಸ ತಂಡ ಕಟ್ಟಲು ಕೂತಾಗ ನಾನು ಆಟಗಾರರ ಹೆಸರನ್ನು ಕೊನೆಗೆ ಬರೆಯುತ್ತೇನೆ. ಮೊದಲು ಒಂದು ಹಾಳೆಯಲ್ಲಿ ಕ್ಲಬ್, ದೇಶ, ಲೀಗ್ ಎಂದು ಮೂರು ಸಾಲು ಎಳೆದು, ಯಾವುದರಿಂದ ಎಷ್ಟು ಜನ ಬೇಕು ಎಂದು ಸಂಖ್ಯೆ ಮಾತ್ರ ತುಂಬುತ್ತೇನೆ. ಒಂದೇ ಕ್ಲಬ್, ದೇಶ, ಲೀಗ್‌ನವರು ಜೊತೆಗಿದ್ದರೆ ಆಟಗಾರರಿಗೆ ಸಿಗುವ ಹೊಂದಾಣಿಕೆಯ ಅಂಕವೇ ಕೆಮಿಸ್ಟ್ರಿ. 2022ರ ಫಿಫಾ 23 ಆಟದಲ್ಲಿ ಅದರ ನಿಯಮ ಪೂರ್ತಿ ಬದಲಾಯಿತು. ಮರುವರ್ಷ ಆಟದ ಹೆಸರು ಇಎ ಸ್ಪೋರ್ಟ್ಸ್ ಎಫ್‌ಸಿ ಎಂದಾದಾಗಲೂ ಆ ನಿಯಮದ ಬುಡ ಹಾಗೆಯೇ ಉಳಿಯಿತು. ಹಳೆಯ ಫಿಫಾ ಆಡಿ ಅಭ್ಯಾಸವಾದವರು ಈಗಲೂ ಅಕ್ಕಪಕ್ಕದ ಆಟಗಾರರ ನಡುವೆ ಹಸಿರು ಗೆರೆ ಹುಡುಕುತ್ತಾರೆ. ಆ ಗೆರೆಗಳು ಈಗಿಲ್ಲ. ಗೋಲ್‌ಕೀಪರ್‌ಗೂ ಆಚೆ ತುದಿಯ ಸ್ಟ್ರೈಕರ್‌ಗೂ ದೇಶ ಒಂದೇ ಆದರೆ ಇಬ್ಬರಿಗೂ ಲಾಭ.

ಒಬ್ಬ ಆಟಗಾರನಿಗೆ ಹೆಚ್ಚೆಂದರೆ 3 ಅಂಕ, ಹನ್ನೊಂದು ಜನಕ್ಕೆ ಸೇರಿ 33. ಒಂದೇ ಕ್ಲಬ್‌ನವರು 2 ಜನ ಇದ್ದರೆ ಅವರಿಗೆ ತಲಾ 1 ಅಂಕ, 4 ಆದರೆ 2, 7 ಆದರೆ 3. ದೇಶಕ್ಕೆ ಈ ಮೆಟ್ಟಿಲುಗಳು 2, 5, 8. ಲೀಗ್‌ಗೆ 3, 5, 8. ಇಷ್ಟು ಬಾಯಿಪಾಠವಾದರೆ ಅರ್ಧ ಕೆಲಸ ಮುಗಿದಂತೆ. ಇದರಲ್ಲಿ ಗಮನಿಸಬೇಕಾದ್ದು ಮೆಟ್ಟಿಲುಗಳ ನಡುವಿನ ಖಾಲಿ ಜಾಗ. ಒಂದೇ ಲೀಗ್‌ನವರು 5 ಜನ ಇದ್ದರೂ 7 ಜನ ಇದ್ದರೂ ಸಿಗುವುದು 2 ಅಂಕವೇ. ಅಂದರೆ ಆರನೆಯವನೂ ಏಳನೆಯವನೂ ಲೀಗ್‌ನ ಲೆಕ್ಕಕ್ಕೆ ಹೆಚ್ಚುವರಿ. ಆ ಜಾಗವನ್ನು ಬೇರೆಲ್ಲೋ ಒಬ್ಬ ಕಡಿಮೆ ಬಿದ್ದಿರುವ ಗುಂಪಿಗೆ ಕೊಡುವುದೇ ಈ ಕಲೆಯ ಜೀವ.

ಇನ್ನೊಂದು ಕಟ್ಟುನಿಟ್ಟು ಇದೆ. ಆಟಗಾರ ತನ್ನ ಕಾರ್ಡಿನಲ್ಲಿ ಬರೆದ ಜಾಗದಲ್ಲೇ, ಅಂದರೆ ಮುಖ್ಯ ಜಾಗದಲ್ಲೋ ಪರ್ಯಾಯ ಜಾಗದಲ್ಲೋ, ನಿಂತಿರಬೇಕು. ಇಲ್ಲದಿದ್ದರೆ ಅವನಿಗೆ ಸೊನ್ನೆ. ಅಷ್ಟೇ ಅಲ್ಲ, ಉಳಿದವರ ಎಣಿಕೆಯಿಂದಲೂ ಅವನು ಹೊರಗೆ. ಒಬ್ಬನನ್ನು ತಪ್ಪು ಜಾಗಕ್ಕೆ ತಳ್ಳಿದರೆ ಮೂರ್ನಾಲ್ಕು ಜನರ ಅಂಕ ಒಟ್ಟಿಗೆ ಕುಸಿಯುವುದು ಈ ಕಾರಣಕ್ಕೆ.

ಎಫ್‌ಸಿ 25ರಲ್ಲಿ ಕಟ್ಟಿದ ಒಂದು ತಂಡದ ಲೆಕ್ಕವನ್ನೇ ಬಿಡಿಸಿ ತೋರಿಸುತ್ತೇನೆ. ಫಾರ್ಮೇಶನ್ 4-3-3. ಗೋಲಿನಲ್ಲಿ ಲಿವರ್‌ಪೂಲ್‌ನ ಆಲಿಸನ್. ನಡುವಿನ ಡಿಫೆಂಡರುಗಳು ಆರ್ಸೆನಲ್‌ನ ಗೇಬ್ರಿಯಲ್ ಮತ್ತು ಸಲೀಬಾ. ಬಲಕ್ಕೆ ಬಾರ್ಸಿಲೋನಾದ ಕೌಂಡೆ, ಎಡಕ್ಕೆ ಎಸಿ ಮಿಲಾನ್‌ನ ಥಿಯೊ ಹೆರ್ನಾಂಡೆಜ್. ಪರವಾನಗಿ ಇಲ್ಲದ ಕಾರಣ ಎಫ್‌ಸಿ 25ರಲ್ಲಿ ಈ ಕ್ಲಬ್ಬಿನ ಹೆಸರು ಮಿಲಾನೊ ಎಫ್‌ಸಿ ಎಂದಿದೆ, ಹುಡುಕುವಾಗ ನೆನಪಿರಲಿ. ಮಿಡ್‌ಫೀಲ್ಡ್‌ನಲ್ಲಿ ಆರ್ಸೆನಲ್‌ನ ಡೆಕ್ಲನ್ ರೈಸ್ ಮತ್ತು ಓಡೆಗಾರ್ಡ್, ಜೊತೆಗೆ ನ್ಯೂಕಾಸಲ್‌ನ ಬ್ರೂನೊ ಗಿಮರಾಯ್ಸ್. ಮುಂದೆ ಬಲಕ್ಕೆ ಆರ್ಸೆನಲ್‌ನ ಸಾಕಾ, ಎಡಕ್ಕೆ ರಿಯಲ್ ಮ್ಯಾಡ್ರಿಡ್‌ನ ವಿನೀಶಿಯಸ್, ನಡುವೆ ಅದೇ ಕ್ಲಬ್‌ನ ಎಂಬಾಪೆ.

ಈಗ ಎಣಿಸಿ. ಆರ್ಸೆನಲ್ 5, ಹಾಗಾಗಿ ಅವರಿಗೆ ಕ್ಲಬ್‌ನಿಂದ 2. ಪ್ರೀಮಿಯರ್ ಲೀಗ್ 7, ಅಲ್ಲಿಂದಲೂ 2. ಲಾ ಲಿಗಾ 3, ಅಲ್ಲಿಂದ 1. ಮ್ಯಾಡ್ರಿಡ್ 2, ಅಲ್ಲಿಂದ 1. ಬ್ರೆಜಿಲ್ 4, ಫ್ರಾನ್ಸ್ 4. ಎರಡೂ ಐದರ ಮೆಟ್ಟಿಲಿಗೆ ಒಬ್ಬ ಕಡಿಮೆ, ಹಾಗಾಗಿ ತಲಾ 1. ಒಂಬತ್ತು ಜನಕ್ಕೆ 3 ತುಂಬುತ್ತದೆ. ಕೌಂಡೆಗೆ 2, ಸೀರಿ ಎಯಲ್ಲಿ ಒಂಟಿಯಾದ ಥಿಯೊಗೆ 1. ಒಟ್ಟು 30.

ಕೆಟ್ಟದ್ದೇನಲ್ಲ, ಆದರೆ ಹಾಳೆ ನೋಡಿದರೆ ದಾರಿ ಎದ್ದು ಕಾಣುತ್ತದೆ. ಪ್ರೀಮಿಯರ್ ಲೀಗ್‌ನಲ್ಲಿ ಇಬ್ಬರು ಹೆಚ್ಚುವರಿ, ಫ್ರಾನ್ಸ್‌ಗೆ ಒಬ್ಬ ಬೇಕು, ಥಿಯೊಗೆ ತನ್ನ ಕ್ಲಬ್ಬಿನ ಒಬ್ಬ ಜೊತೆಗಾರ ಬೇಕು. ಆಲಿಸನ್‌ನನ್ನು ತೆಗೆದು ಮಿಲಾನ್‌ನ ಫ್ರೆಂಚ್ ಗೋಲ್‌ಕೀಪರ್ ಮೈಕ್ ಮೇನ್ಯಾನ್‌ನನ್ನು ನಿಲ್ಲಿಸಿ. ಫ್ರಾನ್ಸ್ 5 ಆಗಿ 2 ಅಂಕಕ್ಕೆ ಏರುತ್ತದೆ. ಥಿಯೊಗೆ ದೇಶದಿಂದ 2, ಕ್ಲಬ್‌ನಿಂದ 1, ಒಟ್ಟು 3. ಮೇನ್ಯಾನ್‌ಗೂ ಅದೇ 3. ಕೌಂಡೆಗೆ ದೇಶದಿಂದ 2, ಲೀಗ್‌ನಿಂದ 1. ಪ್ರೀಮಿಯರ್ ಲೀಗ್ 6ಕ್ಕೆ ಇಳಿದರೂ 2 ಅಂಕ ಹೋಗಲಿಲ್ಲ. ಬ್ರೆಜಿಲ್ 3ಕ್ಕೆ ಇಳಿದರೂ 1 ಅಂಕ ಹೋಗಲಿಲ್ಲ. ಒಬ್ಬ ಕೀಪರ್ ಬದಲಾದ, ತಂಡ 33 ಮುಟ್ಟಿತು. ಮ್ಯಾನೇಜರ್‌ನ ಸಹಾಯವನ್ನು ಇನ್ನೂ ಕೇಳಿಯೇ ಇಲ್ಲ.

ಮ್ಯಾನೇಜರ್‌ನನ್ನು ನಾನು ಕೊನೆಯ ತೇಪೆಗೆ ಇಟ್ಟುಕೊಳ್ಳುತ್ತೇನೆ. ಅವನ ದೇಶ ಅಥವಾ ಲೀಗ್ ಹೊಂದುವ ಪ್ರತಿ ಆಟಗಾರನಿಗೆ 1 ಅಂಕ ಸಿಗುತ್ತದೆ. ಎಂಬಾಪೆಗೆ ಕಾಯಿನ್ ಸಾಲದಿದ್ದರೆ ಅಟ್ಲೆಟಿಕೊ ಮ್ಯಾಡ್ರಿಡ್‌ನ ಗ್ರೀಜ್‌ಮನ್ ಅದೇ ಜಾಗಕ್ಕೆ ಕೂರುತ್ತಾನೆ: ಫ್ರಾನ್ಸ್‌ನಿಂದ 2, ಲಾ ಲಿಗಾದಿಂದ 1. ಆದರೆ ರಿಯಲ್ ಮ್ಯಾಡ್ರಿಡ್‌ನಲ್ಲಿ ವಿನೀಶಿಯಸ್ ಒಬ್ಬನೇ ಉಳಿದು ಅವನು 2ಕ್ಕೆ ಇಳಿಯುತ್ತಾನೆ. ಲಾ ಲಿಗಾದ ಮ್ಯಾನೇಜರ್ ಹಾಕಿದರೆ ಆ ಒಂದು ಅಂಕ ವಾಪಸ್. ದುಬಾರಿ ಹೆಸರಿನ ಜಾಗಕ್ಕೆ ಅದೇ ದೇಶ, ಅದೇ ಲೀಗ್‌ನ ಅಗ್ಗದವನನ್ನು ಕೂರಿಸಿ ತಂಡ ಓಡಿಸುವುದು, ಕಾಯಿನ್ ಸೇರಿದ ಮೇಲೆ ಅವನನ್ನು ಬದಲಿಸುವುದು. ನನ್ನ ತಂಡಗಳೆಲ್ಲ ಬೆಳೆದದ್ದು ಹೀಗೆ. ಇದ್ದ ಕಾಯಿನ್ನೆಲ್ಲ ಒಬ್ಬ ಸ್ಟ್ರೈಕರ್ ಮೇಲೆ ಸುರಿದು ಹಿಂದೆ ನಾಲ್ಕು ಜನ ನಿಧಾನದ ಡಿಫೆಂಡರುಗಳನ್ನು ನಿಲ್ಲಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ.

ಐಕಾನ್ ಕಾರ್ಡುಗಳಿಗೆ, ಅಂದರೆ ನಿವೃತ್ತರಾದ ದಿಗ್ಗಜರ ಕಾರ್ಡುಗಳಿಗೆ, ತಮ್ಮ ಜಾಗದಲ್ಲಿ ನಿಂತರೆ ಸದಾ 3 ಅಂಕ. ಅವರು ದೇಶದ ಎಣಿಕೆಯಲ್ಲಿ ಇಬ್ಬರಿಗೆ ಸಮ, ತಂಡದಲ್ಲಿರುವ ಪ್ರತಿ ಲೀಗ್‌ಗೂ ಒಬ್ಬರಂತೆ ಲೆಕ್ಕ. ತಮ್ಮ ಲೀಗ್‌ನಲ್ಲಿ ಹೆಸರು ಮಾಡಿದ ಹಳೆಯ ಆಟಗಾರರ ಹೀರೋ ಕಾರ್ಡುಗಳು ಅದರ ತಿರುವುಮುರುವು: ಲೀಗ್‌ಗೆ ಎರಡು, ದೇಶಕ್ಕೆ ಒಂದು. ಹಾಗಾಗಿ ಮೂರು ಜನರ ಚಿಕ್ಕ ಲೀಗ್ ಗುಂಪನ್ನು ಐದಕ್ಕೆ ಏರಿಸಬೇಕಾದಲ್ಲಿ ಹೀರೋ, ದೇಶದ ಗುಂಪು ದೊಡ್ಡದಾಗಬೇಕಾದಲ್ಲಿ ಐಕಾನ್. ಐಕಾನ್ ದುಬಾರಿ ಎಂದು ಹೆದರುವವರು ಹೀರೋಗಳತ್ತ ನೋಡುವುದು ಒಳ್ಳೆಯದು. ಎಷ್ಟೋ ಸಲ ಅರ್ಧ ಬೆಲೆಗೂ ಕಡಿಮೆಯಲ್ಲಿ ಕೆಲಸ ಆಗುತ್ತದೆ.

ಅಂಕ ತುಂಬಿದ ಮೇಲೆ ಕೆಮಿಸ್ಟ್ರಿ ಸ್ಟೈಲ್, ಅಂದರೆ ಆ ಅಂಕದಿಂದ ಯಾವ ಗುಣಗಳು ಏರಬೇಕು ಎಂದು ಆರಿಸಿ ಕಾರ್ಡಿಗೆ ಅಂಟಿಸುವುದು. ಸೊನ್ನೆ ಅಂಕದವನಿಗೆ ಮೂಲ ಗುಣಗಳೇನೂ ಕಡಿಮೆಯಾಗುವುದಿಲ್ಲ, ಆದರೆ ಸ್ಟೈಲ್‌ನಿಂದ ಏನೂ ಸೇರುವುದೂ ಇಲ್ಲ. ಡಿಫೆಂಡರುಗಳಿಗೆ ಶ್ಯಾಡೋ ಹಾಕುತ್ತೇನೆ, ಅದು ವೇಗ ಮತ್ತು ಡಿಫೆಂಡಿಂಗ್ ಏರಿಸುತ್ತದೆ. ವೇಗ ಆಗಲೇ ಸಾಕಷ್ಟಿದ್ದು ಮೈಬಲ ಕಡಿಮೆ ಇದ್ದರೆ ಆ್ಯಂಕರ್. ಸ್ಟ್ರೈಕರ್‌ಗೆ ಎಲ್ಲರೂ ಕಣ್ಣುಮುಚ್ಚಿ ವೇಗ ಮತ್ತು ಶೂಟಿಂಗ್ ಏರಿಸುವ ಹಂಟರ್ ಹಾಕುತ್ತಾರೆ. ಯಾವ ಗುಣವೂ 99 ದಾಟುವುದಿಲ್ಲ ಎಂಬುದನ್ನು ಮರೆತರೆ ಇಲ್ಲೇ ನಷ್ಟ. ಎಂಬಾಪೆಯ ವೇಗ ಮೊದಲೇ 97. ಹಂಟರ್‌ನ ಅರ್ಧ ಭಾಗ ಅವನ ಮೇಲೆ ಕೊಡ ತುಂಬಿದ ಮೇಲೆ ಸುರಿದ ನೀರು. ಅವನಿಗೆ ಶೂಟಿಂಗ್, ಡ್ರಿಬ್ಲಿಂಗ್, ಮೈಬಲ ಮೂರನ್ನೂ ಮುಟ್ಟುವ ಮಾರ್ಕ್ಸ್‌ಮನ್ ಹೆಚ್ಚು ಒಪ್ಪುತ್ತದೆ. ಹಂಟರ್ ಉಳಿಸಿ ಗ್ರೀಜ್‌ಮನ್‌ನಂಥ ವೇಗ ಕಡಿಮೆಯವನಿಗೆ ಕೊಡಿ. ಕಾರ್ಡ್ ಕೊಳ್ಳುವ ಮುಂಚೆ ಅದರ ಮೇಲೆ ಯಾವ ಸ್ಟೈಲ್ ಅಂಟಿದೆ ನೋಡಿ. ಶ್ಯಾಡೋ, ಹಂಟರ್ ಮಾರ್ಕೆಟ್‌ನಲ್ಲಿ ಬಿಡಿಯಾಗಿ ಕೊಂಡರೆ ದುಬಾರಿ; ಅದೇ ಬೆಲೆಗೆ ಸ್ಟೈಲ್ ಸಮೇತ ಮಾರಾಟಕ್ಕಿಟ್ಟ ಕಾರ್ಡುಗಳು ಹುಡುಕಿದರೆ ಸಿಗುತ್ತವೆ.

ಈಗ ಕಾಯಿನ್. ಮಾರ್ಕೆಟ್‌ನಲ್ಲಿ ಮಾರಿದ ಪ್ರತಿ ಕಾರ್ಡಿನ ಮೇಲೆ 5 ಶೇಕಡಾ ತೆರಿಗೆ ಕತ್ತರಿಸುತ್ತಾರೆ. 20,000ಕ್ಕೆ ಕೊಂಡದ್ದನ್ನು 21,000ಕ್ಕೆ ಮಾರಿದರೆ ಕೈಗೆ ಬರುವುದು 19,950. ಸಾವಿರ ಲಾಭ ಎಂದುಕೊಂಡದ್ದು 50 ನಷ್ಟ. 10,000 ಮತ್ತು 50,000ದ ನಡುವೆ ಬೆಲೆ 250ರ ಹೆಜ್ಜೆಯಲ್ಲಿ ಏರುವುದರಿಂದ ಅಸಲು ಹುಟ್ಟುವ ಮೊದಲ ಬೆಲೆ 21,250. ಈ ಗುಣಾಕಾರ ಮಾಡದೆ ನಾನು ಒಂದು ಕಾರ್ಡೂ ಕೊಳ್ಳುವುದಿಲ್ಲ: ಮಾರುವ ಬೆಲೆಯನ್ನು 0.95ರಿಂದ ಗುಣಿಸಿ, ಅದು ಕೊಂಡ ಬೆಲೆಗಿಂತ ಹೆಚ್ಚಿದೆಯೇ ನೋಡಿ.

ಸಮಯದ ಲೆಕ್ಕ ನಮ್ಮ ಕಡೆಯವರಿಗೆ ನಿದ್ದೆಯ ಲೆಕ್ಕವೂ ಹೌದು. ಹೊಸ ಕಾರ್ಡು, ಹೊಸ ಚಾಲೆಂಜ್ ಬರುವುದು ಬ್ರಿಟನ್‌ನ ಸಂಜೆ 6ಕ್ಕೆ. ಬೇಸಿಗೆಯಲ್ಲಿ ಅದು ನಮ್ಮ ರಾತ್ರಿ 10:30. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿನ ಗಡಿಯಾರ ಹಿಂದೆ ಸರಿದ ಮೇಲೆ ಮಾರ್ಚ್ ಕೊನೆಯವರೆಗೆ 11:30. ಬುಧವಾರ ವಾರದ ತಂಡದ (ನಿಜವಾದ ಪಂದ್ಯಗಳಲ್ಲಿ ಮಿಂಚಿದವರ) ಕಾರ್ಡುಗಳು, ಗುರುವಾರ ಡಿವಿಷನ್ ರೈವಲ್ಸ್ ಎಂಬ ಆನ್‌ಲೈನ್ ಪಂದ್ಯಗಳ ಬಹುಮಾನ, ಶುಕ್ರವಾರ ಹೊಸ ಪ್ರೋಮೋ, ಅಂದರೆ ವಿಶೇಷ ಕಾರ್ಡುಗಳ ಸರಣಿ. ಗುರುವಾರ ಎಲ್ಲರ ಕೈಯಲ್ಲೂ ಪ್ಯಾಕ್ (ಒಳಗೆ ಯಾವ ಕಾರ್ಡಿದೆ ಎಂದು ಮೊದಲೇ ತಿಳಿಯದ ಕಟ್ಟು) ಒಡೆಯುವುದರಿಂದ ಸಾಮಾನ್ಯ ಚಿನ್ನದ ಕಾರ್ಡುಗಳು ಮಾರ್ಕೆಟ್‌ಗೆ ರಾಶಿ ಬೀಳುತ್ತವೆ, ಬೆಲೆ ಇಳಿಯುತ್ತದೆ. ವಾರಾಂತ್ಯದ ಚಾಂಪಿಯನ್ಸ್ ಪಂದ್ಯಗಳಿಗೆ ಜನ ತಂಡ ಕಟ್ಟುವ ಹೊತ್ತಿಗೆ ಮತ್ತೆ ಏರುತ್ತದೆ. ಕೊಳ್ಳುವುದಿದ್ದರೆ ಗುರುವಾರ, ಮಾರುವುದಿದ್ದರೆ ಶುಕ್ರವಾರ ಪ್ರೋಮೋ ಬರುವ ಮುಂಚೆ. ಪ್ರೋಮೋ ಬಂದ ಮೇಲೆ ಕಾದರೆ ನಿಮ್ಮ ಕಾರ್ಡಿಗಿಂತ ಚೆಂದದ್ದು ಬಂದು ಬೆಲೆ ಕುಸಿದಿರಬಹುದು.

ಕೇಳಿದಂಥ ತಂಡ ಕಟ್ಟಿ, ಆ ಕಾರ್ಡುಗಳನ್ನು ಒಪ್ಪಿಸಿ ಬಹುಮಾನ ಪಡೆಯುವ ಸ್ಕ್ವಾಡ್ ಬಿಲ್ಡಿಂಗ್ ಚಾಲೆಂಜ್‌ಗಳಲ್ಲಿ ಹೆಚ್ಚಿನವರು ಕಾಯಿನ್ ಕಳೆಯುವುದು ರೇಟಿಂಗ್ ಲೆಕ್ಕ ಗೊತ್ತಿಲ್ಲದೆ. 84 ರೇಟಿಂಗ್‌ನ ತಂಡ ಬೇಕು ಎಂದರೆ ಹನ್ನೊಂದೂ 84 ಇರಬೇಕಿಲ್ಲ. ಆಟದ ಲೆಕ್ಕ ಹೀಗಿದೆ: ಹನ್ನೊಂದು ರೇಟಿಂಗ್ ಕೂಡಿಸಿ ಸರಾಸರಿ ತೆಗೆಯಿರಿ. ಸರಾಸರಿಗಿಂತ ಮೇಲಿರುವ ಪ್ರತಿಯೊಬ್ಬನ ಹೆಚ್ಚಳವನ್ನು ಮೊತ್ತಕ್ಕೆ ಇನ್ನೊಮ್ಮೆ ಸೇರಿಸಿ, ಪೂರ್ಣಾಂಕಕ್ಕೆ ತಂದು, 11ರಿಂದ ಭಾಗಿಸಿ, ದಶಮಾಂಶ ಬಿಡಿ. ನಾಲ್ಕು 85, ಏಳು 83 ಇಟ್ಟರೆ ಮೊತ್ತ 921, ಸರಾಸರಿ 83.73. ನಾಲ್ವರ ಹೆಚ್ಚಳ ಸೇರಿ 5.09. ಒಟ್ಟು 926, ಹನ್ನೊಂದರಿಂದ ಭಾಗಿಸಿದರೆ 84.18. ತಂಡ 84 ಆಯಿತು. ಮೂರು 85, ಎಂಟು 83 ಇಟ್ಟರೆ 83.91ಕ್ಕೆ ನಿಂತು 83 ಎಂದೇ ತೋರಿಸುತ್ತದೆ. ಆ ಒಬ್ಬನ ವ್ಯತ್ಯಾಸ ಗೊತ್ತಿರಬೇಕು. ಒಂದೇ ಒಂದು 90ರ ಕಾರ್ಡ್ ಜೊತೆ ಹತ್ತು 83 ಇಟ್ಟರೂ ಅದೇ 84.18. ಬಹುಮಾನದಲ್ಲಿ ಬಂದ, ಮಾರಲಾಗದ, ಆಡಲೂ ಬಾರದ 90ರ ಕಾರ್ಡ್ ಕ್ಲಬ್ಬಿನಲ್ಲಿ ಕೂತಿದ್ದರೆ ಅದು ನಾಲ್ಕು 85ರ ಖರ್ಚು ಉಳಿಸುತ್ತದೆ. ಚಾಲೆಂಜ್ ಬಂದ ರಾತ್ರಿಯೇ 84, 85ರ ಕಾರ್ಡುಗಳ ಬೆಲೆ ಜಿಗಿಯುವುದರಿಂದ ಇವನ್ನು ಗುರುವಾರ ಅಗ್ಗವಿದ್ದಾಗಲೇ ಕೂಡಿಡುತ್ತೇನೆ.

ಇಂಡಿಯನ್ ಸೂಪರ್ ಲೀಗ್ ಫಿಫಾ 22ರಲ್ಲಿ ಆಟದೊಳಗೆ ಬಂತು, ಬೆಂಗಳೂರು ಎಫ್‌ಸಿಯೂ ಅದರ ಜೊತೆ. ಆ ಕಾರ್ಡುಗಳು ಕಂಚು, ಬೆಳ್ಳಿಯವು. ಹಾಗೆಂದು ತಾತ್ಸಾರ ಬೇಡ. ಹನ್ನೊಂದು ಜನ ಭಾರತೀಯರನ್ನು ಅವರವರ ಜಾಗದಲ್ಲಿ ನಿಲ್ಲಿಸಿದರೆ ದೇಶವೂ 8 ದಾಟುತ್ತದೆ, ಲೀಗೂ 8 ದಾಟುತ್ತದೆ. ಯಾವ ಹಾಳೆಯೂ ಇಲ್ಲದೆ 33. ಬೆಳ್ಳಿ ಕಾರ್ಡುಗಳ ತಂಡ ಕೇಳುವ ಗುರಿಗಳು ಬಂದಾಗ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ನಮ್ಮೂರ ನೀಲಿ ಅಂಗಿಯಲ್ಲಿ ಆಡುವ ಸಂತೋಷವಂತೂ ಬೇರೆಯೇ.

ಎಫ್‌ಸಿ 24ರಲ್ಲಿ ಬಂದ, ಇರುವ ಕಾರ್ಡಿನ ಗುಣಗಳನ್ನೇ ಏರಿಸುವ ಎವಲ್ಯೂಷನ್ ಬಗ್ಗೆ ಒಂದು ಎಚ್ಚರಿಕೆ ಸಾಕು. ಕಾರ್ಡನ್ನು ಅದಕ್ಕೆ ಸೇರಿಸಿದರೆ ಮತ್ತೆ ಮಾರಲಾಗದು. ಪ್ರತಿ ಎವಲ್ಯೂಷನ್‌ಗೂ ರೇಟಿಂಗ್ ಇಷ್ಟರೊಳಗೆ, ವೇಗ ಇಷ್ಟರೊಳಗೆ, ಪ್ಲೇಸ್ಟೈಲ್ (ವಿಶೇಷ ಕೌಶಲ) ಇಷ್ಟೇ ಎಂಬ ಮಿತಿ ಇರುತ್ತದೆ. ಇವತ್ತು ಸಿಕ್ಕ ಚಿಕ್ಕ ಏರಿಕೆ ಮುಂದಿನ ದೊಡ್ಡ ಏರಿಕೆಯ ಬಾಗಿಲು ಮುಚ್ಚಬಹುದು. ತಂಡದ ಹಾಳೆಯಲ್ಲಿ ಖಾಲಿ ಇರುವ ಜಾಗಕ್ಕೆ ದೇಶ, ಲೀಗ್ ಹೊಂದುವ ಕಾರ್ಡ್ ಆದರೆ ಮಾತ್ರ ಸೇರಿಸುತ್ತೇನೆ.

ಪ್ಯಾಕ್‌ಗಳಿಗೆ ನಿಜವಾದ ದುಡ್ಡು ನಾನು ಹಾಕುವುದಿಲ್ಲ, ಹಾಕಿ ಎಂದು ಯಾರಿಗೂ ಹೇಳುವುದಿಲ್ಲ. ದೊಡ್ಡ ಕಾರ್ಡ್ ಸಿಗುವ ಸಂಭವ ಎಷ್ಟು ಶೇಕಡಾ ಎಂದು ಪ್ಯಾಕ್‌ನ ವಿವರದಲ್ಲೇ ಬರೆದಿರುತ್ತದೆ, ಒಮ್ಮೆ ತೆರೆದು ಓದಿ. ಬೆಲ್ಜಿಯಂನಲ್ಲಿ ಅಲ್ಲಿನ ಜೂಜಿನ ಕಾನೂನಿನ ಕಾರಣಕ್ಕೆ 2019ರ ಜನವರಿಯಿಂದ ದುಡ್ಡು ಕೊಟ್ಟು ಕೊಂಡು ಪ್ಯಾಕ್ ತೆರೆಯಲು ಬಳಸುವ ಫಿಫಾ ಪಾಯಿಂಟ್‌ಗಳ ಮಾರಾಟವೇ ನಿಂತಿತು. ಮನೆಯ ಕಾರ್ಡ್ ನಂಬರನ್ನು ಮಕ್ಕಳ ಖಾತೆಯಲ್ಲಿ ಉಳಿಸಿಟ್ಟಿದ್ದರೆ ದಯವಿಟ್ಟು ಇವತ್ತೇ ಅಳಿಸಿ.

ಹನ್ನೊಂದು ಜನ ಸಿದ್ಧವಾದರೂ ಬೆಂಚು ಬಾಕಿ. ಬೆಂಚಿನಿಂದ ಇಳಿಯುವವನಿಗೆ ಕೆಮಿಸ್ಟ್ರಿಯ ಏರಿಕೆ ಸಿಗುವುದಿಲ್ಲ, ಕಾರ್ಡಿನ ಮೇಲೆ ಕಾಣುವ ಗುಣಗಳೇ ಅವನ ಬಂಡವಾಳ. ಹಾಗಾಗಿ ಅಲ್ಲಿ ದೇಶ, ಲೀಗ್ ನೋಡಬೇಡಿ. ಮುಖ್ಯ ತಂಡಕ್ಕೆ ಎಲ್ಲೂ ಹೊಂದದೆ ಹೊರಗುಳಿದ ಅತಿವೇಗದ ಸ್ಟ್ರೈಕರ್, ಎತ್ತರದ ಡಿಫೆಂಡರ್, ಇಂಥವರ ಜಾಗ ಅದು. ಎದುರಾಳಿಯ ಕಾಲುಗಳು ಸೋತಿರುವ 65ನೇ ನಿಮಿಷದ ಸುಮಾರಿಗೆ ಆ ಸ್ಟ್ರೈಕರ್‌ನನ್ನು ಇಳಿಸುತ್ತೇನೆ. ಜೊತೆಗೆ ಥಿಯೊನ ಪಾತ್ರವನ್ನು ಮುನ್ನುಗ್ಗುವ ವಿಂಗ್‌ಬ್ಯಾಕ್‌ನಿಂದ ಸಾದಾ ಫುಲ್‌ಬ್ಯಾಕ್‌ಗೆ ಇಳಿಸುತ್ತೇನೆ. ಆ ಹೊತ್ತಿಗೆ ಅವನಿಗೂ ಮೇಲೆ ಹೋಗಿ ವಾಪಸ್ ಓಡುವ ತ್ರಾಣ ಉಳಿದಿರುವುದಿಲ್ಲ, ಗೋಲು ಬೀಳುವುದು ಅವನು ಬಿಟ್ಟುಹೋದ ಆ ಎಡಗಡೆಯಿಂದಲೇ.