ಶ್ಯಾಂಕ್ಸನ ಕುದುರೆಯನ್ನು ಎಲ್ಲಿ ಕಟ್ಟಿದ?

ಇಂಗ್ಲಿಷಿನ ಒಂದು ಹಳೆಯ ಕತೆ ಅನುವಾದಿಸುತ್ತಿದ್ದೆ. ಸ್ಕಾಟ್ಲೆಂಡಿನ ರೈತನೊಬ್ಬ 'ಶ್ಯಾಂಕ್ಸಸ್ ಮೇರ್' ಮೇಲೆ ಸಂತೆಗೆ ಹೋದ ಅಂತ ಒಂದು ಸಾಲು. ಮೇರ್ ಅಂದರೆ ಹೆಣ್ಣು ಕುದುರೆ. ಶ್ಯಾಂಕ್ಸ್ ಯಾರೋ ಪಕ್ಕದ ಹೊಲದವನಿರಬೇಕು, ದೊಡ್ಡ ಅಕ್ಷರದಲ್ಲಿ ಬೇರೆ ಇತ್ತು. 'ಶ್ಯಾಂಕ್ಸನ ಕುದುರೆ ಎರವಲು ತಂದು ಸಂತೆಗೆ ಹೋದ' ಅಂತ ಬರೆದು ಮುಂದೆ ಹೋದೆ. ಆ 'ಎರವಲು' ನನ್ನ ಸ್ವಂತ ಕೊಡುಗೆ.

ಕರಡು ಓದಿದ ಗೆಳೆಯ ಕೇಳಿದ್ದು ಒಂದೇ ಪ್ರಶ್ನೆ: "ಮುಂದಿನ ಪುಟದಲ್ಲಿ ಇವನ ಕಾಲೆಲ್ಲ ಬೊಬ್ಬೆ ಎದ್ದಿದೆಯಲ್ಲ, ಕುದುರೆ ಎಲ್ಲಿ ಕಟ್ಟಿದ?"

ಆಮೇಲೆ ನಿಘಂಟು ತೆಗೆದೆ. ಶ್ಯಾಂಕ್ ಅಂದರೆ ಮೊಣಕಾಲಿನ ಕೆಳಗಿನ ಭಾಗ. ಹಳೆ ಇಂಗ್ಲಿಷಿನಿಂದಲೂ ಇರುವ ಮಾತು. 1307ರಲ್ಲಿ ತೀರಿಕೊಂಡ ದೊರೆ ಒಂದನೇ ಎಡ್ವರ್ಡನಿಗೆ 'ಲಾಂಗ್‌ಶ್ಯಾಂಕ್ಸ್' ಅಂತ ಅಡ್ಡಹೆಸರಿತ್ತು, ಅಂದರೆ ಉದ್ದಗಾಲ. ನಮ್ಮ ರೈತ ಏರಿದ್ದು ತನ್ನ ಕಾಲನ್ನೇ! ಸಂಸ್ಕೃತದ ಜಂಘೆಯೂ ಇದೇ ಭಾಗ. 'ಜಂಘಾಬಲವೇ ಉಡುಗಿಹೋಯಿತು' ಅಂತ ದಿನಾ ಹೇಳುವ ನನಗೆ ಇದು ಹೊಳೆಯಬೇಕಿತ್ತು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು, ಆದರೆ ರುಚಿ ಹತ್ತಿತು. ಹುಡುಕಿದರೆ ಸೊಗಸಾದ ಕತೆಯೊಂದು ಸಿಕ್ಕಿತು. ಸ್ಕಾಟ್ಲೆಂಡಿನ ಆರ್ಬ್ರೋತ್‌ನಲ್ಲಿ ಅಲೆಗ್ಸಾಂಡರ್ ಶ್ಯಾಂಕ್ಸ್ ಅನ್ನುವವರು 1842ರಲ್ಲಿ ತಟ್ಟು ಕುದುರೆ ಎಳೆಯುವ ಹುಲ್ಲು ಕತ್ತರಿಸುವ ಯಂತ್ರ ಮಾಡಿದರು. ಅದರ ಹಿಂದೆ ಆಳು ನಡೆದೇ ಹೋಗಬೇಕಿತ್ತು. ಅದಕ್ಕೇ 'ಶ್ಯಾಂಕ್ಸಸ್ ಪೋನಿ' ಅಂದರು ಅಂತ. ಯಂತ್ರ ನಿಜ, ಕುದುರೆ ನಿಜ, ಇಸವಿಯೂ ನಿಜ. ಆದರೆ ಸ್ಕಾಟರು 18ನೇ ಶತಮಾನದಲ್ಲೇ 'ಶ್ಯಾಂಕ್ಸ್ ನೇಗ್' ಅನ್ನುತ್ತಿದ್ದರು, ನೇಗ್ ಅಂದರೂ ಕುದುರೆಯೇ. ಮಗ ಹುಟ್ಟುವ ಮೊದಲೇ ಮೊಮ್ಮಗ ಹುಟ್ಟಿದ ಹಾಗಾಯಿತು. ಅಂದಿನಿಂದ ನಾನು ಪದದ ಕತೆ ಕೇಳುವ ಮೊದಲು ಅದರ ಹಳೆಯ ಬಳಕೆ ಯಾವ ಕಾಲದ್ದು ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ಚೀಟಿಗಳು ಬೆಳೆದವು. 17ನೇ ಶತಮಾನದಲ್ಲಿ ನಡೆದು ಹೋಗುವವನು 'ಹತ್ತು ಕಾಲ್ಬೆರಳಿನ ಬೇಯಾರ್ಡ್' ಏರುತ್ತಿದ್ದ. ಬೇಯಾರ್ಡ್ ಫ್ರೆಂಚ್ ವೀರಗಾಥೆಗಳ ಮಾಯಾಕುದುರೆ. 19ನೇ ಶತಮಾನದ ಲಂಡನ್ನಿನವನು 'ಮ್ಯಾರೋಬೋನ್ ಸ್ಟೇಜ್' ಹಿಡಿಯುತ್ತಿದ್ದ. ಮ್ಯಾರೋಬೋನ್ ಅಂದರೆ ಮಜ್ಜೆಯ ಮೂಳೆ, ಇಲ್ಲಿ ಕಾಲು, ಆದರೆ ಕಿವಿಗೆ ಬೀಳುವುದು ಊರಿನ ಮ್ಯಾರಿಲಬೋನ್ ಬಡಾವಣೆ, ಸ್ಟೇಜ್ ಅಲ್ಲಿಗೆ ಹೋಗುವ ಬಾಡಿಗೆ ಸಾರೋಟು. ಜೇಬಿನಲ್ಲಿ ಕಾಸಿಲ್ಲ ಅನ್ನುವುದನ್ನು ಸವಾರಿಯ ಮಾತಿನಲ್ಲೇ ಹೇಳುವ ಗತ್ತು ನೋಡಿ. ಇದಕ್ಕೆ ತದ್ವಿರುದ್ಧ 'ಟ್ರೆಕ್'. ಡಚ್ಚಿನಲ್ಲಿ ಅದರ ಮೂಲ ಅರ್ಥ ಎಳೆಯುವುದು. ದಕ್ಷಿಣ ಆಫ್ರಿಕಾದಲ್ಲಿ ಅದು ಎತ್ತಿನ ಗಾಡಿಯ ಪಯಣವಾಯಿತು. ಕುಮಾರಪರ್ವತಕ್ಕೆ ಬೆವರು ಸುರಿಸಿ ಹತ್ತುವ ನಮ್ಮ ಹುಡುಗರು ಎತ್ತಿಲ್ಲದೆ ಗಾಡಿ ಎಳೆಯುತ್ತಿದ್ದಾರೆ. 'ಸಾಂಟರ್', ಅಂದರೆ ಆರಾಮವಾಗಿ ಅಡ್ಡಾಡುವುದು; ಈ ಪದ 'ಪುಣ್ಯಭೂಮಿ' ಅನ್ನುವ ಫ್ರೆಂಚ್ ಮಾತಿನಿಂದ ಬಂತು ಅಂತ ಅಮೆರಿಕದ ಲೇಖಕ ಥೋರೋ 1862ರ ಪ್ರಬಂಧದಲ್ಲಿ ಬರೆದದ್ದನ್ನು ನಿಘಂಟುಕಾರರು ಒಪ್ಪುವುದಿಲ್ಲ. ಆ ಚೀಟಿಯನ್ನು ಪಕ್ಕಕ್ಕಿಟ್ಟೆ.

ಇನ್ನು ಕನ್ನಡಕ್ಕೆ ಏನು ಹಾಕುವುದು? ಮೊದಲು ನಾಲಗೆ ತುದಿಗೆ ಬಂದದ್ದು 'ನಟರಾಜ ಸರ್ವೀಸ್'. ತಮಿಳರ ಬಾಯಲ್ಲಿ ನಟರಾಜ ನಡರಾಜ ಆಗುತ್ತಾನೆ, 'ನಡೆ' ಎರಡೂ ಭಾಷೆಗೆ ಒಂದೇ, ಚಮತ್ಕಾರ ಹಾಗೇ ಉಳಿಯುತ್ತದೆ. ಆದರೆ ಬಸ್ಸೇ ಇಲ್ಲದ ಕಾಲದ ಸ್ಕಾಟ್ ರೈತ ನಟರಾಜ ಸರ್ವೀಸಿನಲ್ಲಿ ಬಂದರೆ ಕತೆ ಸೀದಾ ಮೆಜೆಸ್ಟಿಕ್‌ನಲ್ಲಿ ಇಳಿದುಬಿಡುತ್ತದೆ. 'ನಡೆದುಕೊಂಡೇ ಹೋದ' ಅಂದರೆ ಅರ್ಥ ಸರಿ, ನಗು ಮಾಯ. ಕೊನೆಗೆ 'ಕಣಕಾಲು ಕುದುರೆ ಏರಿ ಸಂತೆಗೆ ಹೋದ' ಅಂತ ಬರೆದೆ. ಕಕಾರಗಳು ಕೂಡಿಕೊಂಡವು, ಕುದುರೆಯೂ ಉಳಿಯಿತು. ಗೆಳೆಯನೂ ತಲೆಯಾಡಿಸಿದ.

ಪ್ರೂಫ್ ಬಂತು. ಯಾರೋ ಕಾಳಜಿಯಿಂದ ತಿದ್ದಿದ್ದರು: 'ಕಣಗಾಲ್ ಕುದುರೆ ಏರಿ'. ಪಿರಿಯಾಪಟ್ಟಣದ ಕಡೆ ಕಣಗಾಲ್ ಅನ್ನುವ ಊರಿದೆಯಲ್ಲ, ಅಲ್ಲಿಯದೇ ಕುದುರೆ ಅಂದುಕೊಂಡಿರಬೇಕು.