ಅಜ್ಜಿಯ ಚೀಲದ 20 ಪೈಸೆ

ಅಜ್ಜಿಯ ಎಲೆ-ಅಡಿಕೆ ಚೀಲದಲ್ಲಿ ಸಿಕ್ಕಿದ ಹಳದಿ ನಾಣ್ಯದಿಂದ ನನ್ನ ಸಂಗ್ರಹ ಶುರುವಾಯಿತು. ಅದರ ಮೇಲೆ ಗಾಂಧೀಜಿಯ ಮುಖ, ಜೊತೆಗೆ 1869–1948. ಅವರು ಹುಟ್ಟಿ ನೂರು ವರ್ಷವಾದಾಗ, 1969ರಲ್ಲಿ ತಂದ 20 ಪೈಸೆ ಅದು. ಮಂಕಾಗಿದೆ ಅಂತ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟೆ. ಫಳಫಳ ಹೊಳೆಯಿತು. ಆಮೇಲೆ ಹಿರಿಯ ಸಂಗ್ರಾಹಕರೊಬ್ಬರು ನೋಡಿ, "ಇದರ ಮೈಬಣ್ಣವೇ ಹೋಯಿತಲ್ಲಪ್ಪ" ಎಂದು ನೊಂದುಕೊಂಡರು. ಅಂದಿನಿಂದ ಯಾವ ನಾಣ್ಯವನ್ನೂ ತೊಳೆದಿಲ್ಲ. ಅಂಚು ಹಿಡಿದೇ ಎತ್ತುತ್ತೇನೆ.

ಮೊದಲು ಸುಮ್ನೆ ಸಿಕ್ಕಿದ್ದನ್ನೆಲ್ಲ ಡಬ್ಬಿಗೆ ಹಾಕುತ್ತಿದ್ದೆ. ಒಂದು ಭಾನುವಾರ ಇಸವಿ ಪ್ರಕಾರ ಸಾಲಾಗಿ ಇಟ್ಟೆ. ಆಗ ಕಣ್ಣು ತೆರೆಯಿತು. ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ 1964ರದ್ದು, ತೀರಿಕೊಂಡ ನೆಹರೂ ಅವರ ನೆನಪಿಗೆ. ಆಮೇಲೆ ಗಾಂಧೀಜಿ. ಎಪ್ಪತ್ತರ ದಶಕಕ್ಕೆ ಬಂದರೆ ಸಾಲುಸಾಲಾಗಿ ಅನ್ನದ ಮಾತು! 1970ರಲ್ಲಿ 'ಎಲ್ಲರಿಗೂ ಆಹಾರ'. 1973ರಲ್ಲಿ 'ಹೆಚ್ಚು ಆಹಾರ ಬೆಳೆಯಿರಿ'. 1974ರಲ್ಲಿ ಯೋಜಿತ ಕುಟುಂಬ, ಎಲ್ಲರಿಗೂ ಆಹಾರ. 1976ರಲ್ಲಿ ಆಹಾರದ ಜೊತೆ ಕೆಲಸ, 1978ರಲ್ಲಿ ಸೂರು. ಆಗ ದೇಶಕ್ಕೆ ಇದ್ದ ಚಿಂತೆ ಏನು ಅಂತ ಈ ಚಿಲ್ಲರೆಯೇ ಹೇಳುತ್ತದೆ, ಅಲ್ವಾ? ನನಗೆ ಜಾಸ್ತಿ ಇಷ್ಟ 1974ರ ಹಗುರವಾದ ಅಲ್ಯೂಮಿನಿಯಂ 10 ಪೈಸೆ. ಅದೇ ಮಾತು 50 ರೂಪಾಯಿ ಬೆಳ್ಳಿ ನಾಣ್ಯದಲ್ಲೂ ಇದೆ. ಆದರೆ ಅದು ಸಂಗ್ರಾಹಕರ ಪೆಟ್ಟಿಗೆ ಸೇರಿತು. ಹತ್ತು ಪೈಸೆ ಮಾತ್ರ ಸಂತೆ, ಅಂಗಡಿ, ಹುಂಡಿ ಎಲ್ಲ ಸುತ್ತಿತು.

ಇಸವಿಯ ಕೆಳಗೆ ಭೂತಗನ್ನಡಿ ಹಿಡಿಯುವುದು ನಂತರ ಕಲಿತ ಪಾಠ. ಈಚಿನ ನಾಣ್ಯಗಳಲ್ಲಿ ವಜ್ರದ ಗುರುತಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರ ಹೈದರಾಬಾದ್, ಚುಕ್ಕಿ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ.

ಹೊಸಬರಿಗೆ ಒಂದು ಮಾತು: ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ ಎಂಬ ಮೆಸೇಜು ನಂಬಬೇಡಿ. ಹಳೆ ನಾಣ್ಯದ ಹೆಸರಲ್ಲಿ ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಬಸವಣ್ಣನವರ 2006ರ 5 ರೂಪಾಯಿ ನನಗೆ ಸಿಕ್ಕಿದ್ದು ಬಸ್ಸಿನಲ್ಲಿ, ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲಿ. ಸವೆದಿತ್ತು, ಕೊಳೆ ಹಿಡಿದಿತ್ತು. ಹಾಗೆಯೇ ಆಲ್ಬಮ್ಮಿನಲ್ಲಿ ಇಟ್ಟಿದ್ದೇನೆ, ಅಜ್ಜಿಯ 20 ಪೈಸೆಯ ಪಕ್ಕದಲ್ಲಿ.